ಹನ್ನೊಂದು ಮನೆಗೆ ಒಂದು ಬಾಗಿಲು

ಚಿಕ್ಕತಾಯಮ್ಮ ದಿನಕ್ಕೆ ಒಂಬತ್ತು ಕಕ್ಕಸು ತೊಳೆಯುತ್ತಿದ್ದಳು. ಒಂದರಲ್ಲೂ ಅವಳು ಕೂರುವಂತಿರಲಿಲ್ಲ.

ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ನುಂಗಂಬಾಕ್ಕಂನ ಆ ಆರು ಮಹಡಿಯ ಕಟ್ಟಡದಲ್ಲಿ ಬೋರ್ಡುಗಳಿಗೇನೂ ಕೊರತೆ ಇರಲಿಲ್ಲ. ಕೆಲಸದವರು ಹಿಂದಿನ ಲಿಫ್ಟಿನಲ್ಲಿ ಬರಬೇಕು ಎಂದೊಂದು. ಮುಂದಿನ ಲಿಫ್ಟಿನಲ್ಲಿ ನಾಯಿ ಕರೆದೊಯ್ಯುವಾಗ ಕೊರಳಪಟ್ಟಿ ಹಾಕಿರಬೇಕು ಎಂದೊಂದು. ಇದೊಂದಕ್ಕೆ ಬೋರ್ಡು ಬೇಕಾಗಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಬೆಳಿಗ್ಗೆ ಮನೆ ಬಿಡುವ ಮುಂಚೆ ಅವಳು ನೀರು ಕುಡಿಯುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ವಾಪಸಾದ ಮೇಲೆ ಒಂದು ಚೊಂಬು ಗಟಗಟ ಕುಡಿಯುತ್ತಿದ್ದಳು. ಮೈ ಅದಕ್ಕೆ ಒಗ್ಗಿಹೋಗಿತ್ತು. ಬಡವರ ಮೈ ಎಲ್ಲದಕ್ಕೂ ಒಗ್ಗುತ್ತದೆ ಎಂದು ಉಳ್ಳವರು ನಂಬಿಕೊಂಡಿರುತ್ತಾರೆ. ಒಗ್ಗದೆ ಹೋದರೆ ಅದು ಮೈಯದೇ ತಪ್ಪು.

ಆ ಕಟ್ಟಡಕ್ಕೆ ಮರಳು ಹೊತ್ತವಳೂ ಅವಳೇ. ಕೊಳ್ಳೇಗಾಲದ ಕಡೆಯ ಕೇರಿಯೊಂದರಿಂದ ಗಂಡ ಅಂದಾನಿಯ ಜೊತೆ ಕಟ್ಟಡದ ಕೆಲಸಕ್ಕೆಂದು ಚೆನ್ನೈಗೆ ಬಂದಳು. ಕಟ್ಟಡ ಮುಗಿಯಿತು. ಅಂದಾನಿ ಒಂದು ಮೆಸ್ಸಿನಲ್ಲಿ ಪಾತ್ರೆ ತೊಳೆಯಲು ಸೇರಿದ. ಅವಳು ತಾನೇ ಮರಳು ಹೊತ್ತ ಬಚ್ಚಲುಗಳನ್ನು ತೊಳೆಯಲು ಸೇರಿದಳು.

ಹೋದ ವರ್ಷ ಅವಳ ಕಣ್ಣು ಹಳದಿಯಾಯಿತು. ಆಮೇಲೆ ಕಾಲು ಊದಿತು. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ಎಂಟು ತಿಂಗಳ ಬಸುರಿಯಂತಾದಳು. ಮೂರನೇ ಮಹಡಿಯವರು ಇದೇನು ಈ ವಯಸ್ಸಿನಲ್ಲಿ ಎಂದು ನಕ್ಕರು. ನಾಲ್ಕನೇ ಮಹಡಿಯವರು ನಗಲಿಲ್ಲ, ಕುಡಿಯುತ್ತೀಯಾ ಎಂದು ಕೇಳಿದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದೂ ಅದನ್ನೇ. ಹೆಂಡದ ವಾಸನೆ ಬಂದರೆ ಸೆರಗು ಮೂಗಿಗೆ ಒತ್ತಿಕೊಳ್ಳುವ ಹೆಂಗಸು ಅವಳು. ರಕ್ತ ಪರೀಕ್ಷೆ ಆಯಿತು. ಇದು ಕುಡಿತದ್ದಲ್ಲ, ಹೆಪಟೈಟಿಸ್ ಬಿ ಎಂಬ ಕಾಮಾಲೆ, ಬಹಳ ವರ್ಷ ಒಳಗೇ ಕೂತು ಲಿವರನ್ನು ತಿಂದುಹಾಕಿದೆ ಎಂದರು. ಹೆರಿಗೆಯಲ್ಲಿ ಹಾಕಿದ ಸೂಜಿಯಿಂದ ಬಂತೋ, ಯಾರದೋ ಬಚ್ಚಲಿನ ಕಸದಲ್ಲಿದ್ದ ಬ್ಲೇಡು ಕೈ ಕೊಯ್ದು ಬಂತೋ, ಹೇಳುವವರಿಲ್ಲ. ಕುಡಿಯುತ್ತೀಯಾ ಎಂದು ಕೇಳಿದವರಲ್ಲಿ ಒಬ್ಬರೂ ತಪ್ಪಾಯಿತು ಎನ್ನಲಿಲ್ಲ.

ಬೇರೆ ಲಿವರ್ ಹಾಕದೆ ಗತಿಯಿಲ್ಲ ಎಂದರು. ಮಗಳು ಅನು ತನ್ನದರಲ್ಲಿ ಒಂದು ಭಾಗ ಕೊಡುತ್ತೇನೆಂದು ಹೋಗಿ ತೋಳು ಚಾಚಿ ಕೂತಳು. ರಕ್ತದ ಗುಂಪು ಕೂಡಲಿಲ್ಲ. ಅಂದಾನಿಯ ರಕ್ತದಲ್ಲೂ ಅದೇ ಕಾಮಾಲೆ ಸಿಕ್ಕಿತು. ಉಳಿದದ್ದು ಸತ್ತವರು ಕೊಟ್ಟುಹೋಗುವ ಲಿವರ್. ಅದಕ್ಕೊಂದು ಪಟ್ಟಿ ಇತ್ತು. ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡರು.

ಅಲ್ಲಿಯವರೆಗೆ ಕುಡಿಯಲು ಒಂದು ಸಿರಪ್ ಕೊಟ್ಟರು. ಬೆಲ್ಲದ ಪಾಕದಂತೆ ಅಂಟಂಟು, ವಾಕರಿಕೆ ಬರುವಷ್ಟು ಸಿಹಿ. ದಿನಕ್ಕೆ ಮೂರು ಸಲ ಕುಡಿಯಬೇಕು. ಕುಡಿದರೆ ಮೂರು ನಾಲ್ಕು ಸಲ ಕಕ್ಕಸಿಗೆ ಓಡಬೇಕಾಗುತ್ತದೆ. ಹಾಗೆ ಓಡಿದರೇ ಒಳ್ಳೆಯದು, ಇಲ್ಲದಿದ್ದರೆ ಒಳಗಿನ ವಿಷ ತಲೆಗೇರಿ ಬುದ್ಧಿ ತಪ್ಪುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಎಲ್ಲಿಗೆ ಓಡುವುದು ಎಂದು ಅವರು ಹೇಳಲಿಲ್ಲ. ಗಂಡಸು ಡಾಕ್ಟರನ್ನು ಅವಳು ಕೇಳಲೂ ಇಲ್ಲ. ಕೆಲಸಕ್ಕೆ ಹೋಗುವ ದಿನ ಬೆಳಗಿನ ಸಿರಪ್ ಕುಡಿಯದೆ ಬಿಟ್ಟಳು. ಒಂದು ದಿನ ಆಸ್ಪತ್ರೆಗೆಂದು ಹೊರಟು ಬೇರೆ ಬಸ್ಸು ಹತ್ತಿ ಪ್ಯಾರೀಸ್ ಕಾರ್ನರಿನಲ್ಲಿ ಇಳಿದು ನಿಂತಳು. ಇನ್ನೊಂದು ದಿನ ಮಗಳ ಹೆಸರೇ ಬಾಯಿಗೆ ಬರಲಿಲ್ಲ. ಮಗಳು ಎದುರಿಗೇ ನಿಂತಿದ್ದಳು.

ಪಟ್ಟಿಯ ವಿಷಯ ನೋಡಿಕೊಳ್ಳುತ್ತಿದ್ದವಳು ಉಷಾ ಎಂಬ ಹುಡುಗಿ. ಹೊಸೂರಿನವಳು, ಕನ್ನಡ ಬರುತ್ತಿತ್ತು. ಕನ್ನಡ ಕೇಳಿದ್ದೇ ಚಿಕ್ಕತಾಯಮ್ಮನಿಗೆ ಅರ್ಧ ಕಾಯಿಲೆ ವಾಸಿಯಾದಂತಾಗಿ ಬಾಯಿ ಬಿಚ್ಚಿಕೊಂಡಿತು. ಆ ಬಾಯಿಯೇ ಅವಳಿಗೆ ಮುಳುವಾಯಿತು.

"ನಾ ಎಷ್ಟ್ನೆಯವ್ಳು ಕನವ್ವ ಪಟ್ಟಿಲಿ?" ಎಂದು ಕೇಳಿದಳು. ರೇಷನ್ ಅಂಗಡಿಯ ಮುಂದೆ ನಿಂತು ಗೊತ್ತು, ನೀರಿನ ಲಾರಿಗೆ ಕೊಡ ಸಾಲಿಟ್ಟು ಗೊತ್ತು. ಮೊದಲು ಕೊಡ ಇಟ್ಟವರಿಗೆ ಮೊದಲು ನೀರು. ಇದೂ ಅಂಥದೇ ಎಂದುಕೊಂಡಿದ್ದಳು.

"ಆ ತರ ಲೈನ್ ಅಲ್ಲಮ್ಮ ಇದು," ಎಂದಳು ಉಷಾ. "ಮೊದ್ಲು ಬಂದೋರ್ಗೆ ಮೊದ್ಲು ಅಂತ ಇಲ್ಲ. ನಿಮ್ಮ ರಕ್ತದ ಗ್ರೂಪಿನೋರಲ್ಲಿ ಯಾರ್ಗೆ ಕಾಯಿಲೆ ಜಾಸ್ತಿನೋ ಅವ್ರು ಮುಂದೆ. ಬ್ಲಡ್ ಟೆಸ್ಟ್ ನೋಡಿ ಒಂದು ನಂಬರ್ ಹಾಕ್ತಾರೆ, ಕಾಯಿಲೆ ಏರಿದ್ರೆ ನಂಬರೂ ಏರುತ್ತೆ. ನಿಮ್ದು ಇಪ್ಪತ್ನಾಲ್ಕು."

"ಅಂದ್ರ, ಹುಸಾರಾದ್ರ ಹಿಂದಕ ಬೀಳ್ತಿನಿ."

"ಹೌದು."

"ಸಾಯಂಗಾದ್ರ ಮುಂದಕ ಬತ್ತಿನಿ."

"ಹೌದಮ್ಮ. ಆದ್ರೆ ತುಂಬಾ ಸೀರಿಯಸ್ಸೂ ಆಗ್ಬಾರ್ದು. ಆಪರೇಷನ್ ತಡ್ಕೊಳೋ ಶಕ್ತಿ ಇರ್ಬೇಕಲ್ಲ."

ಚಿಕ್ಕತಾಯಮ್ಮ ಯೋಚಿಸಿದಳು. ಅವಳಿಗೆ ಇದು ನ್ಯಾಯವೆಂದೇ ತೋರಿತು. ಎಲ್ಲೋ ಕಂಡಂತೆಯೂ ಇತ್ತು. ನೆನಪಾದದ್ದೇ ನಕ್ಕುಬಿಟ್ಟಳು.

"ನಮ್ ವಠಾರದ್ ಕಕ್ಕಸ್ ಲೈನೂ ಇಂಗೇಯ ಕನವ್ವ. ಹನ್ನೊಂದ್ ಮನಗ ಒಂದೇ ಕಕ್ಕಸು. ಯಾರ್ ಮೊದ್ಲು ಬಂದ್ರೂ ಸೈ, ಹೊಟ್ಟ ಕೆಟ್ಟೋರು, ತಡ್ಕಳಾಕ ಆಗದೋರು ಬಂದ್ರ ಅವ್ರನ್ನೇ ಮುಂದಕ ಬುಡ್ತಿವಿ. ಯಾರೂ ತಕರಾರ್ ಮಾಡಲ್ಲ."

ಉಷಾ ನಗಲಿಲ್ಲ. ಅವಳ ಪೆನ್ನು ನಿಂತಿತು.

"ಹನ್ನೊಂದು ಮನೆಗೆ ಒಂದೇನಾ?" ಎಂದಳು.

ಆಗ ಬಂತು ಫಾರಮ್ಮು. ಆಪರೇಷನ್ ಆದ ಮೇಲೆ ಮೂರು ತಿಂಗಳು ಸೋಂಕು ತಗಲುವಂತಿಲ್ಲ. ಒಂಟಿ ಕೋಣೆ ಇರಬೇಕು, ಅವಳೊಬ್ಬಳಿಗೇ ಕಕ್ಕಸು ಇರಬೇಕು. ಆಸ್ಪತ್ರೆಯವರು ಮನೆಗೆ ಬಂದು ಫೋಟೊ ತೆಗೆಯಬೇಕು. ಇವೆಲ್ಲ ಇಲ್ಲವೆಂದರೆ ಹೆಸರು ಪಟ್ಟಿಯಲ್ಲೇನೋ ಇರುತ್ತದೆ, ಆದರೆ ಹೋಲ್ಡ್ ಎಂದು ಬರೆದಿರುತ್ತಾರೆ. ಲಿವರ್ ಬಂದಾಗ ಕರೆಯುವುದಿಲ್ಲ.

"ಆಸ್ಪತ್ರೆಲೇ ಇರಾಕ ಆಗಲ್ವಾ ಕನವ್ವ?" ಎಂದಳು ಚಿಕ್ಕತಾಯಮ್ಮ.

"ಅಷ್ಟು ದಿನ ಬೆಡ್ ಕೊಡಲ್ಲಮ್ಮ. ಯಾರಾದ್ರೂ ಗೊತ್ತಿರೋರ ಮನೇಲಿ ರೂಮ್ ಸಿಕ್ಕಿದ್ರೂ ಆಗುತ್ತೆ. ಒಂದು ಲೆಟರ್ ಬರಸ್ಕೊಂಡು ಬನ್ನಿ, ಸಾಕು."

ಗೊತ್ತಿರುವವರ ಮನೆ. ಚಿಕ್ಕತಾಯಮ್ಮನಿಗೆ ಗೊತ್ತಿದ್ದ ಮನೆ ಐದನೇ ಮಹಡಿಯ ಗಿರಿಜಾದೇವಿಯದು. ಅವರು ಗದಗಿನ ಕಡೆಯವರು. ಯಜಮಾನರು ಮುರುಗೆಪ್ಪನವರಿಗೆ ಪ್ಯಾರೀಸ್ ಕಾರ್ನರಿನಲ್ಲಿ ಸಗಟು ಅಂಗಡಿ, ಪೈಪು, ನಲ್ಲಿ, ಕಮೋಡು, ಬೇಸಿನ್ನುಗಳದ್ದು. ಕನ್ನಡ ಸಂಘದ ಸಮಾರಂಭಗಳಲ್ಲಿ ಮೇಲು ಕೀಳು ಎಂಬುದಿಲ್ಲ ಎಂದು ಅವರು ಭಾಷಣ ಮಾಡುವುದನ್ನು ಚಿಕ್ಕತಾಯಮ್ಮ ಎರಡು ಸಲ ಕೇಳಿದ್ದಳು. ಊಟವಾದ ಮೇಲೆ ಎಲೆ ತೆಗೆಯಲು ಅವಳನ್ನು ಕರೆದೊಯ್ದಿದ್ದರು. ಕೆಲಸಕ್ಕೆ ಸೇರಿದ ದಿನವೇ ಗಿರಿಜಾದೇವಿ ಯಾವ ಪೈಕಿ ಎಂದು ಕೇಳಿ ತಿಳಿದುಕೊಂಡಿದ್ದರು. ಅಡಿಗೆಮನೆಗೆ ಬೇರೆಯವಳನ್ನು ಇಟ್ಟುಕೊಂಡರು. ಬೈಯುವವರಲ್ಲ. ಹಬ್ಬಕ್ಕೆ ಹೋಳಿಗೆ ಕೊಡುವವರು. ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ನೆಲದ ಮೇಲೆ ಇಡುವವರು.

ಆ ಮನೆಯ ಅಡಿಗೆಮನೆಯ ಹಿಂದೆ ಕೆಲಸದವರಿಗೆಂದೇ ಕಟ್ಟಿದ ಕೋಣೆಯೊಂದಿತ್ತು. ಒಂದು ಕಿಟಕಿ, ಒಂದು ಫ್ಯಾನು, ಒಂದು ಕಕ್ಕಸು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಹಳೆಯ ಸೂಟ್‌ಕೇಸು, ಅಂಗಡಿಯ ಮಾದರಿ ನಲ್ಲಿಗಳು ಇದ್ದವು. ಯಾರೂ ಕೂರದ ಆ ಕಕ್ಕಸನ್ನು ಚಿಕ್ಕತಾಯಮ್ಮ ಪ್ರತಿ ಶನಿವಾರ ಆಸಿಡ್ ಹಾಕಿ ಉಜ್ಜುತ್ತಿದ್ದಳು. ವಾಸನೆ ಬರಬಾರದಂತೆ.

"ಮೂರ್ ತಿಂಗ ಅಷ್ಟೇಯ ಅವ್ವಾರೆ," ಎಂದಳು. "ಅದೂ ಲಿವರ್ ಸಿಕ್ಕುದ್ರ. ಒಂದ್ ಕಾಗ್ದ ಬರ್ಕೊಟ್ರ ಸಾಕು."

ಗಿರಿಜಾದೇವಿಯವರ ಕಣ್ಣಲ್ಲಿ ನೀರೇ ಬಂತು. ನಿಜವಾದ ನೀರು.

"ನನ್ನ ಮನಸ್ಸಿನ್ಯಾಗ ಏನೂ ಇಲ್ಲವಾ ತಾಯವ್ವ. ಖರೇನ ಹೇಳ್ತೀನಿ. ಆದ್ರ ಅತ್ತಿಯಾರು ಪೂಜಿ ಮಾಡ್ಕೊಳ್ಳೋರು, ವಯಸ್ಸಾದವ್ರು. ಅವ್ರಿಗೆ ಹೆಂಗ ಹೇಳಲಿ? ಯಜಮಾನರನ್ನ ಕೇಳ್ತೀನಿ ತಡಿ."

ಮರುದಿನ ಮುರುಗೆಪ್ಪನವರೇ ಕರೆದರು. ಸೋಫಾದಲ್ಲಿ ಕೂತಿದ್ದರು. ಅವಳು ಊದಿದ ಕಾಲಿನ ಮೇಲೆ ನಿಂತಿದ್ದಳು.

"ನೋಡವಾ, ಬಿಲ್ಡಿಂಗಿನ ಅಸೋಸಿಯೇಷನ್ನವ್ರು ಒಪ್ಪಂಗಿಲ್ಲ. ಇವತ್ತ ನಿನಗ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ. ಆದ್ರ ಮನುಷ್ಯಾ ಅಂದಮ್ಯಾಲೆ ಕೈಲಾದಷ್ಟು ಮಾಡಬೇಕಲ್ಲ. ನಮ್ಮ ಅಂಗಡೀಲಿಂದ ಒಂದು ಚಲೋ ಕಮೋಡ್ ಕಳಸ್ತೀನಿ. ನಿಮ್ಮನ್ಯಾಗ ಹಾಕಿಸ್ಕೊ."

"ಎಲ್ಲಿಗ ಹಾಕ್ಸನ ಬುದ್ಧಿ? ನಮ್ದು ಒಂದೇ ರೂಮು. ಪೈಪಿಲ್ಲ, ಗುಂಡಿಯಿಲ್ಲ."

"ಅದನ್ನೆಲ್ಲಾ ನಿಮ್ಮ ಓನರ್ ಕೂಡ ಮಾತಾಡ್ಕೊ."

ಕಮೋಡು ಬಂತು. ಹೇಳಿದ ಮಾತಿಗೆ ತಪ್ಪುವ ಜನವಲ್ಲ. ದೊಡ್ಡ ರಟ್ಟಿನ ಡಬ್ಬಿಯಲ್ಲಿ, ಥರ್ಮೋಕೋಲು ಸುತ್ತಿಕೊಂಡು, ಟೆಂಪೋದಲ್ಲಿ ಬಂತು. ನುಂಗಂಬಾಕ್ಕಂ ರೈಲು ನಿಲ್ದಾಣದ ಹಿಂದಿನ ಸಂದಿಗೆ ಟೆಂಪೋ ನುಗ್ಗಲಿಲ್ಲ. ಅಂದಾನಿ ತಲೆಯ ಮೇಲೆ ಹೊತ್ತು ತಂದ. ಹತ್ತಡಿಯ ಕೋಣೆಯಲ್ಲಿ ಇಡಲು ಬೇರೆ ಜಾಗವಿಲ್ಲದೆ ಗೋಡೆಗೆ ಒತ್ತಿ ಇಟ್ಟ. ಓನರ್ ಬಂದು ನೋಡಿ, ಪೈಪಿಗೆಂದು ಗೋಡೆಗೆ ಒಂದು ತೂತು ಬಿದ್ದರೂ ಮನೆ ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಹೋದ. ಅನು ಟಿ. ನಗರದ ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವಳು. ಬಂದವಳೇ ಆ ಡಬ್ಬಿಯ ಮೇಲೆ ಕೂತಳು. "ಎನ್ನಮ್ಮಾ ಇದು," ಇದೇನಮ್ಮಾ ಎಂದಳು. ಮನೆಯಲ್ಲಿ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. ಆಮೇಲೆ ಕನ್ನಡದಲ್ಲೇ ಹೇಳಿದಳು, "ಅವ್ರನ್ನ ಬುದ್ಧಿ ಅನ್ಬೇಡ ಇನ್ಮೇಲೆ."

ಉಪಾಯ ಹೂಡಿದ್ದು ವಠಾರದವರು. ಚಿಕ್ಕತಾಯಮ್ಮ ಕೇಳಿರಲಿಲ್ಲ. ಎದುರು ಮನೆಯ ಕಲಾವತಿ ಎಂಬ ಮುದುಕಿ ಎಲ್ಲರನ್ನೂ ಕೂರಿಸಿ ಮಾತಾಡಿದ್ದಳಂತೆ. ಓನರ್ ಹಿಂದಿನ ಸಂದಿಯಲ್ಲಿ ಹೊಸ ಕಕ್ಕಸು ಕಟ್ಟಿಸಿದ್ದಾನೆ, ಹತ್ತು ಮನೆಯವರು ಅಲ್ಲಿಗೆ ಹೋಗುತ್ತೇವೆ, ಇದು ಈಗ ಚಿಕ್ಕತಾಯಮ್ಮನ ಮನೆಗೇ ಎಂದು ಹೇಳುವುದು. ಎಲ್ಲರೂ ಒಂದೇ ಮಾತು. ಮಕ್ಕಳಿಗೂ ಪಾಠ ಮಾಡಿಸಿದರು. ಕಕ್ಕಸಿನ ಬಾಗಿಲಿಗೆ ಹೊಸ ಬೀಗ ತಂದರು. ಬೀಗದ ಕೈಯನ್ನು ಚಿಕ್ಕತಾಯಮ್ಮನ ತಾಳಿದಾರಕ್ಕೆ ಕಟ್ಟಿದರು. ಅವಳಿಗೆ ಅಳು ಬಂತು. ಹದಿನಾಲ್ಕು ವರ್ಷ ಆ ಒಂದು ಬಾಗಿಲಿನ ಮುಂದೆ ಬಕೆಟ್ಟು ಹಿಡಿದು ಜಗಳಾಡಿದ ಜನ.

ಉಷಾ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದಿದ್ದಳು. ಹಿಂದಿನ ಸಂಜೆ ಅಂದಾನಿ, ಅನು ಇಬ್ಬರೂ ಸೇರಿ ಕಕ್ಕಸಿಗೆ ಸುಣ್ಣ ಹೊಡೆದರು. ಹೊಸ ಮಗ್ಗು ಇಟ್ಟರು. ಬೆಳಿಗ್ಗೆ ಆರಕ್ಕೇ ಬೀಗ ಹಾಕಿದರು. ನೆಲ ಒಣಗಿರಬೇಕಲ್ಲ, ಹನ್ನೊಂದು ಮನೆಯವರ ಕಾಲಿನ ಗುರುತು ಕಾಣಬಾರದಲ್ಲ. ನಿಲ್ದಾಣದ ಬಳಿಯ ಸುಲಭ ಶೌಚಾಲಯ ರಿಪೇರಿಗೆಂದು ಮುಚ್ಚಿತ್ತು. ಗಂಡಸರು ಎಲ್ಲೋ ಹೋಗಿಬಂದರು. ಹೆಂಗಸರು ತಡೆದುಕೊಂಡರು.

ಹತ್ತಾಯಿತು. ಹತ್ತೂವರೆಯಾಯಿತು. ಉಷಾ ಬರಲಿಲ್ಲ. ಹೆಂಗಸರು ಹೊಸ್ತಿಲ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರು. ಒಂದು ಕೂಸು ಅಳತೊಡಗಿತು, ಅದರ ತಾಯಿ ಬಟ್ಟಲಲ್ಲಿ ಹಿಡಿದು ಮೋರಿಗೆ ಸುರಿದಳು. ಕಲಾವತಿಗೆ ಸಕ್ಕರೆ ಕಾಯಿಲೆ. ಬಿಪಿಗೆ ನೀರಿಳಿಯುವ ಗುಳಿಗೆ ಬೇರೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಕೂತರೆ ಆಗದು ಎಂದು ಗೊತ್ತಿತ್ತು.

"ತಕ್ಕೊಡ್ಲಾ ಅಕ್ಕ?" ಎಂದು ಚಿಕ್ಕತಾಯಮ್ಮ ಬೀಗದ ಕೈ ಹಿಡಿದು ಕೇಳಿದಳು.

"ಪರವಾಯಿಲ್ಲಮ್ಮಾ," ಎಂದಳು ಮುದುಕಿ. ಅವಳ ತುಟಿ ಬೆಳ್ಳಗಾಗಿತ್ತು.

ಉಷಾ ಬಂದಾಗ ಹನ್ನೊಂದೂಮುಕ್ಕಾಲು. ಬೇರೆ ಎರಡು ಮನೆ ನೋಡಿ ಬಂದಿದ್ದಳು, ಬೆವರಿದ್ದಳು, ಕ್ಷಮಿಸಿ ಎಂದಳು. ಕೋಣೆ ನೋಡಿದಳು. ಕಮೋಡಿನ ಡಬ್ಬಿ ನೋಡಿ ಇದೇನು ಎಂದಳು. ಹಾಕಿಸುತ್ತೇವೆ ಎಂದ ಅಂದಾನಿ. ಆಪರೇಷನ್ನಿಗೆ ಮುಂಚೆ ತಾನೂ ಮಗಳೂ ಮೆಸ್ಸಿನ ಮಹಡಿಗೆ ಹೋಗಿಬಿಡುತ್ತೇವೆ, ಈ ಕೋಣೆ ಅವಳೊಬ್ಬಳಿಗೇ ಎಂದ. ಉಷಾ ಬರೆದುಕೊಂಡಳು. ಕಕ್ಕಸಿನ ಮುಂದೆ ಬಂದಳು. ಚಿಕ್ಕತಾಯಮ್ಮ ಬೀಗ ತೆಗೆದಳು. ಒಳಗೆ ಬೆಳ್ಳಗೆ ಹೊಳೆಯುತ್ತಿತ್ತು. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ.

"ಚೆನ್ನಾಗಿಟ್ಟಿದೀರಮ್ಮ," ಎಂದಳು ಉಷಾ. ಮೊಬೈಲು ತೆಗೆದು ಫೋಟೊ ಹಿಡಿದಳು. ಫಾರಮ್ಮಿನಲ್ಲಿ ಒಂದೊಂದೇ ಗೆರೆಗೆ ಟಿಕ್ ಹಾಕತೊಡಗಿದಳು. ನೀರು ಎಲ್ಲಿಂದ? ಕಿಟಕಿ ಎಷ್ಟು? ಯಾರು ನೋಡಿಕೊಳ್ಳುತ್ತಾರೆ? ಅಂದಾನಿ ಪಟಪಟ ಉತ್ತರ ಕೊಡುತ್ತಿದ್ದ. ಬೀಗ ಮತ್ತೆ ಬಿತ್ತು. ಇನ್ನು ಎರಡು ಗೆರೆ ಉಳಿದಿದ್ದವು.

ಚಿಕ್ಕತಾಯಮ್ಮ ಉಷಾಳ ಬೆನ್ನ ಹಿಂದೆ ನೋಡಿದಳು. ಕಲಾವತಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಕೈಗೆತ್ತಿಕೊಂಡಳೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಕೇಳುತ್ತಿರಲಿಲ್ಲ. ತೊಡೆ ಗಡಗಡ ನಡುಗುತ್ತಿತ್ತು, ಬಕೆಟ್ಟಿನ ಹಿಡಿ ಟಣಟಣ ಎನ್ನುತ್ತಿತ್ತು. ಎಪ್ಪತ್ತು ವರ್ಷದ ಹೆಂಗಸು, ಹನ್ನೊಂದು ಮನೆಯವರ ಎದುರು ಸೀರೆಯಲ್ಲೇ ಹೋಗಿಬಿಡುವ ಕ್ಷಣ. ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಳು.

ಆ ನೋವು ಚಿಕ್ಕತಾಯಮ್ಮನಿಗೆ ಗೊತ್ತು. ಆರನೇ ಮಹಡಿಯ ಬಚ್ಚಲಿನಲ್ಲಿ, ಬ್ರಷ್ಷು ಹಿಡಿದು, ಹಲ್ಲು ಕಚ್ಚಿಕೊಂಡು ಅವಳೂ ಹಾಗೆಯೇ ನಿಂತಿದ್ದಾಳೆ. ಒಂದು ಸಲ ಆಗದೆ ಹೋದದ್ದೂ ಇದೆ. ಒದ್ದೆ ಸೀರೆಯ ಮೇಲೆ ಬೇಕೆಂದೇ ಬಕೆಟ್ಟು ನೀರು ಸುರಿದುಕೊಂಡು, ಜಾರಿಬಿದ್ದೆ ಎಂದು ಸುಳ್ಳು ಹೇಳಿ ಮನೆಗೆ ನಡೆದು ಬಂದಿದ್ದಾಳೆ. ಅದನ್ನು ಇನ್ನೊಬ್ಬಳಿಂದ ಮಾಡಿಸಿ ತಾನು ಬದುಕಬೇಕೇ?

ತಾಳಿದಾರ ಎಳೆದು ಬೀಗ ತೆಗೆದಳು.

"ಹೋಗಕ್ಕ," ಎಂದಳು. "ಬೇಗ ಹೋಗು."

"ವೇಣಾಮ್ಮಾ," ಎಂದು ಅನು ಕೂಗಿದಳು. ಬೇಡಮ್ಮಾ ಎಂದು ಬೇಡಿಕೊಂಡಳು. ಅಂದಾನಿ ಹೆಂಡತಿಯ ಕೈ ಹಿಡಿದ. ಕೈ ಕೊಡವಿಕೊಂಡಳು.

"ಇದು ನಂದೊಬ್ಬಳ್ದೇ ಅಲ್ಲ ಕನವ್ವ," ಎಂದಳು ಉಷಾಳಿಗೆ. "ಹನ್ನೊಂದ್ ಮನೇದು. ಬೆಳಗ್ಗಿಂದ ನಂಗೋಸ್ಕರ ಕಟ್ಕಂಡ್ ಕುಂತವ್ರ. ಸಾಕು. ನಿಮ್ ಲಿವರ್ ಬೇಕಾದ್ರ ಕೊಡಿ, ಬ್ಯಾಡ್ದಿದ್ರ ಬುಡಿ. ಈವಮ್ಮನ ಮಾನ ತಗ್ದು ನಂಗ ಬ್ಯಾಡ."

ಕಲಾವತಿ ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಆಮೇಲೆ ಒಬ್ಬೊಬ್ಬರೇ ಬಕೆಟ್ಟು ತಂದು ನಿಂತರು. ಆರು, ಏಳು, ಎಂಟು ಜನ. ತಲೆ ಎತ್ತದೆ ನಿಂತರು. ಒಳಗಿನಿಂದ ಮುದುಕಿ ಅಳುವ ಸದ್ದು ಬಂತು.

ಉಷಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು. "ನಾನು ನೋಡಿದ್ಮೇಲೆ ಬೇರೆ ತರ ಬರೆಯಕ್ಕಾಗಲ್ಲಮ್ಮ," ಎಂದಳು. "ನಾಳೆ ನಿಮ್ಗೆ ಸೋಂಕಾಗಿ ಏನಾದ್ರೂ ಆದ್ರೆ? ಒಬ್ರು ಸತ್ತು ಕೊಟ್ಟಿರೋ ಲಿವರ್ ಅದು." ಆ ಮಾತು ಸುಳ್ಳಲ್ಲ. ಉಷಾ ಇಂಗ್ಲಿಷಿನಲ್ಲಿ ಹೋಲ್ಡ್ ಎಂಬ ಒಂದು ಪದ ಬರೆದು ಹೋದಳು.

ಆ ಮೇಲೆ ಅಂದಾನಿ ಓಡಾಡದ ಕಡೆಯಿಲ್ಲ. ಬೇರೆ ಕೋಣೆ ಹುಡುಕಿದ. ಕಾಯಿಲೆಯವಳು ಎಂದರೆ ಒಬ್ಬರೂ ಕೊಡಲಿಲ್ಲ. ಕೌನ್ಸಿಲರನ್ನು ಕಂಡ, ಅರ್ಜಿ ಕೊಟ್ಟ, ಅರ್ಜಿಗೊಂದು ಸೀಲು ಹಾಕಿಸಿಕೊಂಡು ಬಂದ. ಸೀಲಿನ ಕಾಗದವನ್ನು ಕಮೋಡಿನ ಡಬ್ಬಿಯ ಮೇಲಿಟ್ಟ. ಅಲ್ಲೇ ಉಳಿಯಿತು.

ಮೂರನೇ ವಾರ ಆಸ್ಪತ್ರೆಗೆ ಹೋದಾಗ ಅವಳ ನಂಬರು ಇಪ್ಪತ್ತೇಳಾಗಿತ್ತು.

"ಮುಂದಕ ಬಂದ್ನಾ ಕನವ್ವ?" ಎಂದು ಕೇಳಿದಳು.

ಉಷಾ ಕಂಪ್ಯೂಟರು ನೋಡಿದಳು. "ಬಂದಿದೀರಮ್ಮ. ನಿಮ್ಮ ಗ್ರೂಪಲ್ಲಿ ಈಗ ನಿಮ್ದೇ ಜಾಸ್ತಿ ನಂಬರ್."

"ಮತ್ತ?"

"ಹೋಲ್ಡ್ ಇದೆಯಲ್ಲಮ್ಮ." ಉಷಾ ಅವಳ ಮುಖ ನೋಡಲಿಲ್ಲ. "ಹೋದ ಗುರುವಾರ ಒಂದು ಲಿವರ್ ಬಂತು. ನಿಮ್ಮ ಗ್ರೂಪಿಂದೇ. ನಂಜುಂಡ ಅಂತ ಬರ್ತಿದ್ರಲ್ಲ, ಟೈಲರ್, ಅವ್ರಿಗೆ ಹೋಯ್ತು."

ನಂಜುಂಡ ಅವಳಿಗೆ ಗೊತ್ತು. ಕಾಯುವ ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ. ತನ್ನ ನಂಬರು ಇಪ್ಪತ್ತೆರಡು ಎಂದು ನಾಚಿಕೊಂಡು ಹೇಳುತ್ತಿದ್ದ. ಅವನ ಅಣ್ಣನಿಗೆ ಆವಡಿಯಲ್ಲಿ ಸ್ವಂತ ಮನೆ, ಮಹಡಿಯ ಮೇಲೆ ಕೋಣೆ, ಬಚ್ಚಲು.

"ಬದುಕವ್ನಾ?"

"ಚೆನ್ನಾಗಿದಾರೆ."

"ಬದುಕ್ಲಿ," ಎಂದಳು. ಮನಸಾರೆ ಎಂದಳು. ಹೊರಗೆ ಬಂದ ಮೇಲೆ ಗೇಟು ಯಾವ ಕಡೆ ಎಂದು ತಿಳಿಯಲಿಲ್ಲ. ನೆರಳಿದ್ದಲ್ಲಿ ಕೂತಳು. ಯಾರ ಮೇಲೆ ಸಿಟ್ಟು ಮಾಡಬೇಕು? ನಂಜುಂಡನ ಮೇಲಲ್ಲ. ಸತ್ತವರ ಮೇಲಲ್ಲ. ಉಷಾಳ ಮೇಲೆ ಬರುತ್ತಿರಲಿಲ್ಲ. ಪಟ್ಟಿಯೂ ನ್ಯಾಯದ್ದೇ, ಅದನ್ನು ಅವಳೇ ಒಪ್ಪಿದ್ದಳು. ಹಾಗಾದರೆ ತಾನು ಸಾಯುತ್ತಿರುವುದು ಏತಕ್ಕೆ? ಕೂರಲು ಜಾಗವಿಲ್ಲದ್ದಕ್ಕೆ. ಒಂಬತ್ತು ಕಕ್ಕಸು ಫಳಫಳ ಹೊಳೆಯುತ್ತಿದ್ದವು, ಅವಳ ತೋಳಿನ ಬಲದಿಂದ.

ಅದಾದ ಮೇಲಿನ ಶನಿವಾರ. ಚಿಕ್ಕತಾಯಮ್ಮ ಬೆಳಿಗ್ಗೆ ಎಂಟಕ್ಕೆ ಸಿರಪ್ಪಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಹಿಂದಿನ ಲಿಫ್ಟಿನಲ್ಲಿ ಐದನೇ ಮಹಡಿಗೆ ಏರಿದಳು. ಲಿಫ್ಟಿನಲ್ಲೇ ಮುಚ್ಚಳ ತುಂಬ ಅಳೆದು ಕುಡಿದಳು, ಡಾಕ್ಟರು ಹೇಳಿದಷ್ಟೂ ಕುಡಿದಳು. ಗಿರಿಜಾದೇವಿಯವರ ಎರಡು ಬಚ್ಚಲು ತೊಳೆದಳು. ಹೊಟ್ಟೆ ಗುಡುಗತೊಡಗಿತು. ಅಡಿಗೆಮನೆಯ ಹಿಂದಿನ ಕೋಣೆಗೆ ಹೋದಳು. ಸೂಟ್‌ಕೇಸುಗಳನ್ನು ದಾಟಿ ಕಕ್ಕಸಿನ ಬಾಗಿಲು ತೆರೆದಳು. ಬ್ರಷ್ಷನ್ನು ಹೊರಗಿಟ್ಟಳು. ಒಳಗಿನಿಂದ ಚಿಲಕ ಹಾಕಿಕೊಂಡು ಕೂತಳು.

ಆ ಬಾಗಿಲು ಮುಚ್ಚಿಕೊಂಡು ಅದರ ಒಳಮೈಯನ್ನು ಅವಳು ಎಂದೂ ನೋಡಿರಲಿಲ್ಲ. ಮೂರು ಮೊಳೆ ಇದ್ದವು. ಬಟ್ಟೆ ನೇತುಹಾಕಲು ಯಾರಿಗೋ ಎಂದು ಹೊಡೆದದ್ದು.

"ಯಾರದು ಒಳಗ?" ಗಿರಿಜಾದೇವಿಯವರ ದನಿ.

"ನಾನೆ."

"ಏನ್ ಮಾಡಾಕತ್ತೀ ಚಿಲಕ ಹಾಕ್ಕೊಂಡು?"

"ಕುಂತಿವ್ನಿ."

ಬಾಗಿಲು ದಡ್ಡನೆ ಅಲುಗಿತು. "ಏನ್ ಹೇಳಾಕತ್ತೀ ನೀನು? ತಲಿ ಕೆಟ್ಟೈತೇನು? ತಗೀ ಬಾಗಲಾ! ಅತ್ತಿಯಾರು ಎದ್ದಾರ!"

"ಇನ್ನೂ ಆಗಿಲ್ಲ," ಎಂದಳು ಚಿಕ್ಕತಾಯಮ್ಮ.

ತಲೆ ಕೆಟ್ಟಿರಲಿಲ್ಲ. ಎಷ್ಟೋ ದಿನದ ಮೇಲೆ ಅದು ತಿಳಿಯಾಗಿತ್ತು. ಎಲ್ಲ ಹೆಸರುಗಳೂ ನೆನಪಿಗೆ ಬಂದವು. ಅವಸರಪಡಲಿಲ್ಲ. ಮುಗಿದ ಮೇಲೆ ನೀರು ಹಾಕಿ, ಕೈ ತೊಳೆದು, ಸೆರಗು ಸರಿಪಡಿಸಿಕೊಂಡು ಚಿಲಕ ತೆಗೆದಳು.

ಗಿರಿಜಾದೇವಿ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. "ತಿಕ್ಕಿ ತೊಳದು ಹೋಗು. ನಾಳಿಂದ ಬರಬ್ಯಾಡ."

"ಹದ್ನಾಕ್ ವರ್ಸ ನಿಮ್ದ ತಿಕ್ಕಿವ್ನಿ," ಎಂದಳು ಚಿಕ್ಕತಾಯಮ್ಮ. "ನಂದ ಒಂದ್ಸಲ ನೀವ್ ತಿಕ್ಕಿ."

ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಕಮೋಡು ಹಂಗೇ ಅದ, ಡಬ್ಬಿ ಒಡ್ದಿಲ್ಲ. ಕಳ್ಸ್‌ಕೊಡ್ತಿನಿ. ಸಾರ್‌ಗ ಹೇಳಿ."

ಮುಂದಿನ ಲಿಫ್ಟಿನಲ್ಲಿ ಇಳಿದಳು. ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಗೆಲ್ಲಲು ಅಲ್ಲಿ ಏನಿತ್ತು? ಮಧ್ಯಾಹ್ನದೊಳಗೆ ಆ ಕಕ್ಕಸನ್ನು ತೊಳೆಯಲು ಇನ್ನೊಬ್ಬಳು ಬರುತ್ತಾಳೆ, ಅವಳೂ ಬೆಳಿಗ್ಗೆ ನೀರು ಕುಡಿಯದೆ ಬಂದಿರುತ್ತಾಳೆ. ಪಟ್ಟಿಯಲ್ಲಿ ಇವಳ ಹೆಸರಿನ ಮುಂದೆ ಆ ಒಂದು ಪದ ಹಾಗೇ ಇರುತ್ತದೆ. ಗೇಟು ದಾಟಿದಾಗ ಸಿರಪ್ಪು ಮತ್ತೆ ಹಿಂಡಿತು. ಹೊಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು ರೈಲು ಹಳಿಯ ಪಕ್ಕ ನಡೆದಳು. ನಡುವೆ ಎರಡು ಸಲ ಗೋಡೆ ಹಿಡಿದು ನಿಂತಳು.

ವಠಾರದಲ್ಲಿ ಐದು ಜನ ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಕಲಾವತಿ. ಸಂದಿಯ ತುದಿಯಲ್ಲಿ ಚಿಕ್ಕತಾಯಮ್ಮನ ನಡಿಗೆ ಕಂಡಿತು. ಐದೂ ಜನ ಗೋಡೆಗೆ ಸರಿದು ದಾರಿ ಬಿಟ್ಟರು.

"ನೀ ಪೋಮ್ಮಾ," ಎಂದಳು ಕಲಾವತಿ, ತಾನು ತುಂಬಿಟ್ಟುಕೊಂಡಿದ್ದ ನೀರಿನ ಬಕೆಟ್ಟನ್ನು ಅವಳ ಕೈಗೆ ಕೊಟ್ಟು.

ಚಿಕ್ಕತಾಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.